ದೂಳಿಲ್ಲದ ಕಾಳು

ಎಳ್ಳಮಾಸಿ ಮುಗಿದ ಮ್ಯಾಲ ಕಲಬುರಗಿ ಗಂಜಿನ್ಯಾಗ
ಚೀಲದ ಮ್ಯಾಲ ಚೀಲ, ಮುಗಿಲು ಕಾಣದಂಗ ತೊಗರಿ.
ಹರಾಜು ಮುಗಿದು ಹಮಾಲರು ಚಾಕ್ಕ ಹೋದಾಗ
ನಮ್ಮವ್ವ ಜಗದೇವಿಯ ಪಾಳಿ ಸುರು:
ಕಟ್ಟೀ ಸಂದಿ, ಗಾಲಿ ಬುಡ, ಗಟಾರದ ದಂಡಿ,
ಬಿದ್ದದ್ದೆಲ್ಲಾ ಬಳೀಬೇಕು.
ಮಣ್ಣು, ಬೀಡಿ ತುಂಡು, ಸುತಲಿ ಎಳಿ, ಪಾರಿವಾಳದ ಹಿಕ್ಕಿ,
ಅವುಗಳ ನಡುವ ನಮ್ಮ ಬ್ಯಾಳಿ.
ಬಿದ್ದದ್ದು ನಮ್ದು. ಚೀಲದಾಗ ಇದ್ದದ್ದು ನಮ್ದಲ್ಲ.
ಇದನ್ನೂ ಆಕಿ ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ.

ಒಂಬತ್ತು ವರ್ಷ ನನಗ.
ಲಾಡ್ಲೇಸಾಬ ಚಾಕ್ಕ ಹೋಗ್ವಾಗ
ಅವನ ಕೊಕ್ಕಿ ಚೀಲದ ಮ್ಯಾಲೇ ಉಳಿದಿತ್ತು.
ಚುಚ್ಚಿದೆ. ಖರೇ ಹೇಳ್ತೀನಿ, ಒಂದೇ ಸಲ.
ಕರೆದ ನಾಯಿಮರಿ ಹಂಗ
ಓಡಿ ಓಡಿ ಬಂದವು ಕಾಳು ನನ್ನ ಉಡಿಗೆ.

ಮನಿಗೆ ಬಂದು ಅವ್ವ ಮರ ಹಿಡಿದಳು.
ಕೇರಿದಳು. ನಿಂತಳು.
ಕಂದೀಲು ಹತ್ರ ತಂದು
ಒಂದು ಬೊಗಸಿ ಎತ್ತಿ ಊದಿದಳು.
ಏನೂ ಹಾರಲಿಲ್ಲ.
"ಈ ಕಾಳಿಗಿ ದೂಳಿಲ್ಲ" ಅಂದಳು.

ಹೊಡೀಲಿಲ್ಲ.
ಹೊಡೆದಿದ್ರ ಮರ್ತುಬಿಡ್ತಿದ್ದೆನೋ ಏನೋ.
ಒಲಿ ಆರಿಸಿ, ದಬ್ಬಣ ಸೆರಗಿಗೆ ಸಿಗಿಸಿ,
ತಮ್ಮ ಸಾತಲಿಂಗನ ಕೈಯಾಗ ಬ್ಯಾಟರಿ ಕೊಟ್ಟು
ಆ ಥಂಡ್ಯಾಗ ಮತ್ತ ಗಂಜಿಗೆ.
ಕಾವಲಿಯವ ಬೈದ. ಬೈಸಿಕೊಂಡಳು.
ರೇವಣಸಿದ್ದಪ್ಪನ ಅಡತಿ ಮುಂದ ಮುನ್ನೂರು ಚೀಲ,
ಅದರಾಗ ಒಂದು ತೂತು.
ಕಾಳು ತಿರುಗಿ ಸುರುವಿ ನನ್ನ ಕೈಲೇ ಹೊಲಿಸಿದಳು.
ಬೆರಳಿಗೆ ಚುಚ್ಚಿತು, ರಕ್ತ ಬಂತು, ಸುತಲಿ ಕುಡೀತು.
"ಯಾರೂ ನೋಡಿಲ್ಲವ್ವಾ" ಅಂದೆ ಅಳಕೋತ.
ದೇವರು ನೋಡ್ತಾನ ಅಂತಾಳ ಅಂದ್ಕೊಂಡಿದ್ದೆ.
"ಇನ್ನೊಂದು ಟಾಕಿ ಹಾಕು" ಅಂದಳು, "ಸೋರ್ತದ."

ಅದೇ ರಾತ್ರಿ, ಅದೇ ಅವ್ವ, ಅದೇ ತೂತು.
ಬೆಳಕು ಹಿಡಿದವ ಸಾತಲಿಂಗ,
ಅವನಿಗೆ ನೆನಪಿರೋದು ಥಂಡಿ ಒಂದೇ.
ಮುಂದ ಶಹಾಬಾದ್ ಕಲ್ಲಿನ ವ್ಯಾಪಾರದಾಗ
ಟೇಪಿನ ಮೊದಲಿನ ಎರಡಿಂಚು ಕತ್ತರಿಸಿ ಅಳೀತಿದ್ದ,
ಸಿಕ್ಕಿಬಿದ್ದ, ನಕ್ಕ, ಹೊಸಾ ಟೇಪು ತಂದ.
ಆದ್ರ ಅವ್ವ ದವಾಖಾನ್ಯಾಗ ಬಿದ್ದಾಗ
ಹದಿನೇಳು ರಾತ್ರಿ ಆಕಿಯ ಕಾಲ ಬುಡದಾಗ ಕೂತವ ಅವನೇ.
ಹೇಲು ಉಚ್ಚಿ ಬಳಿದವ ಅವನೇ.
ನಾನು ರಜಾ ಎಣಿಸಿ ಹೋದೆ, ರಜಾ ಎಣಿಸಿ ಬಂದೆ.
ಯಾವ ಮಳಿ ಯಾವ ಬೀಜಕ್ಕ ಬಿತ್ತೋ,
ಈ ಹಿಸಾಬು ನನಗ ಇನ್ನೂ ಹತ್ತವಲ್ದು.

ಈಗ ಹುಮನಾಬಾದ್ ರಸ್ತೆ ಧರಮಕಾಟಾದ ಮುಂದ ನನ್ನ ಖುರ್ಚಿ.
ಲಾರಿಯವರು ಚಾದ ಗಿಲಾಸಿನ ಕೆಳಗ ನೋಟು ಮಡಚಿ ಇಡ್ತಾರ:
"ಎರಡು ಕ್ವಿಂಟಲ್ ಹೆಚ್ಚಿಗಿ ಬರೀರಿ ಬಾಯಾರ,
ಸಮುದ್ರದಾಗ ಒಂದು ತಂಬಿಗಿ, ಯಾರಿಗ್ ಗೊತ್ತಾಗ್ತದ?"
ಆಗ ಅವ್ವ ನೆನಪಾಗಂಗಿಲ್ಲ.
ಶರಣರೂ ಇಲ್ಲ, ಸಾಲ್ಯಾಗಿನ ನೀತಿ ಪಾಠನೂ ಇಲ್ಲ.
ಬೆರಳ ತುದಿ ಚುರುಗುಡ್ತದ. ಅಷ್ಟ.
ಗಿಲಾಸು ಎತ್ತಿ ನೋಟು ತಿರುಗಿ ಕೊಡ್ತೀನಿ.

ಒಂದು ಸಲ ಕೊಡಲಿಲ್ಲ.
ಮಗಳ ಫೀಸು ಕಟ್ಟೋ ಕಡೀ ದಿನ ಅದು.
ಆ ಎರಡು ಕ್ವಿಂಟಲ್ ಮಿಲ್ಲಿನವನ ಲೆಕ್ಕದಾಗ ಕಡಿಮಿ ಬಿತ್ತು,
ಅವ ಅದನ್ನ ಹಮಾಲರ ಕೂಲಿಯಾಗ ಮುರಕೊಂಡ
ಅಂತ ಆಮ್ಯಾಲ ಗೊತ್ತಾತು.
ಯಾವ ಹಮಾಲರು ಅಂತ ನಾ ಕೇಳಲಿಲ್ಲ.
ಕೇಳ್ಲಾಕ ಬಾಯಿ ಬರಲಿಲ್ಲ.
ದಬ್ಬಣ ಇನ್ನೂ ಮನ್ಯಾಗ ಅದ.
ಹೊಲೀಬೇಕಾದ ಚೀಲ ಯಾವುದೋ, ಹುಡುಕಿದ್ರೂ ಸಿಗವಲ್ದು.

ಸಾಲಿ ಬಿಟ್ಟ ಮ್ಯಾಲ ಮಗಳು ಇಲ್ಲೇ ಬರ್ತಾಳ.
ಸ್ಟೂಲಿನ ಮ್ಯಾಲ ಕಾಲಾಡಿಸ್ಕೋತ ಶೇಂಗಾ ತಿಂತಾಳ.
ನಾ ಆಕಿಗೆ ಏನೂ ಹೇಳಂಗಿಲ್ಲ, ಹೇಳ್ಲಾಕ ಬರಂಗೂ ಇಲ್ಲ.
ಆಕಿ ನನ್ನ ಮಾರಿ ನೋಡಂಗಿಲ್ಲ.
ಲಾರಿ ಏರಿ, ಕೆಂಪು ಅಂಕಿ ನಡುಗಿ ನಡುಗಿ ನಿಲ್ಲೋತನ
ಶೇಂಗಾ ಬಾಯಾಗ ಹಂಗೇ ಇಟ್ಕೊಂಡು
ನನ್ನ ಕೈ ನೋಡ್ತಾಳ.